ಮೊದಲ ವೈಬ್ರೇಟರ್ ಆರಿಸೋದು ಹೇಗೆ? ದಾವಣಗೆರೆಯಲ್ಲಿ ಇದನ್ನ ಯಾರನ್ನ ಕೇಳೋದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮಗೆ 27 ವರ್ಷ. ವಿದ್ಯಾನಗರದ ಕಡೆ ಗೆಳತಿ ಜೊತೆ ಬಾಡಿಗೆ ಮನೆ ಮಾಡಿದ್ದೀರಿ, ಕೆಲಸ ಇದೆ, ಊರಲ್ಲಿ ಮದುವೆ ಮಾತು ನಡೀತಿದೆ. ವೈಬ್ರೇಟರ್ ಕೊಳ್ಳೋಣ ಅಂತ ಆನ್‌ಲೈನಿನಲ್ಲಿ ಹುಡುಕಿದರೆ ನೂರಾರು ಆಕಾರ ಬಂದು ತಲೆ ಕೆಟ್ಟಿದೆ. ಯಾವುದು ತಗೊಳ್ಳಲಿ, ಪೊಲೀಸು ಕಾನೂನು ಅಂತ ಏನಾದರೂ ಆಗುತ್ತಾ, ಮುಂದೆ ಗಂಡನ ಜೊತೆ ತೊಂದರೆಯಾಗುತ್ತಾ ಅಂತ ಕೇಳಿದ್ದೀರಿ.

ನಾನು ಫಾರ್ಮಸಿಸ್ಟ್, ಇದೇ ಊರಿನ ಮೆಡಿಕಲ್ ಶಾಪ್ ಒಂದರ ಕೌಂಟರಿನಲ್ಲಿ ನಿಲ್ಲುವವಳು. ನಮ್ಮ ಅಂಗಡಿಯಲ್ಲಿ ವೈಬ್ರೇಟರ್ ಇಡುವುದಿಲ್ಲ. ಆದರೆ ಅದರ ಸುತ್ತಮುತ್ತಲಿನ ಸಾಮಾನು, ಅಂದರೆ ಜೆಲ್, ಕಾಂಡೋಮ್, ಸೋಂಕಿನ ಮಾತ್ರೆ ಎಲ್ಲ ಮಾರುತ್ತೇನೆ. ಸ್ವಂತಕ್ಕೆ ಬಳಸುವವಳೂ ಹೌದು. ಹಾಗಾಗಿ ಎರಡೂ ಕಡೆಯಿಂದ ಹೇಳಬಲ್ಲೆ.

ಆಕಾರವನ್ನು ಕೊನೆಗೆ ನೋಡಿ. ವೆಬ್‌ಸೈಟಿನವರು ಮಾರುವುದೇ ಆಕಾರ, ಬಣ್ಣ, "20 ಮೋಡ್" ಅನ್ನುವ ಅಬ್ಬರ. ನೀವು ಮೊದಲು ನೋಡಬೇಕಾದದ್ದು ಅದು ದೇಹದ ಯಾವ ಜಾಗಕ್ಕೆ, ಯಾವುದರಿಂದ ಮಾಡಿದ್ದು, ಬಟನ್ ಹೇಗಿದೆ ಅನ್ನುವುದನ್ನು. ಈ ಮೂರು ಸರಿ ಇದ್ದರೆ ಆಕಾರ ಹೇಗಿದ್ದರೂ ನಡೆಯುತ್ತದೆ.

ಜಾಗದ ಮಾತು ಮೊದಲು. ಒಳಗೆ ಹೋಗುವಂಥದ್ದೇ "ನಿಜವಾದದ್ದು" ಅನ್ನುವ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹೆಚ್ಚಿನ ಹೆಂಗಸರ ದೇಹ ಹಾಗೆ ಕೆಲಸ ಮಾಡುವುದಿಲ್ಲ. ಸುಖದ ಮುಖ್ಯ ಅಂಗ ಚಂದ್ರನಾಡಿ, ಅಂದರೆ ಕ್ಲಿಟೋರಿಸ್. ಅದು ಹೊರಗಡೆ, ಯೋನಿದ್ವಾರಕ್ಕಿಂತ ಮೇಲೆ, ಮೂತ್ರ ಬರುವ ರಂಧ್ರಕ್ಕೂ ಮೇಲೆ ಇದೆ. ಕಣ್ಣಿಗೆ ಕಾಣುವುದು ತುದಿ ಮಾತ್ರ. ಉಳಿದ ಭಾಗ ಚರ್ಮದ ಕೆಳಗೆ ಎರಡೂ ಬದಿಗೆ ಕವಲೊಡೆದು ಹೋಗಿದೆ. ಆಸ್ಟ್ರೇಲಿಯಾದ ಯೂರಾಲಜಿಸ್ಟ್ ಹೆಲೆನ್ ಓಕಾನೆಲ್ ಇದರ ಪೂರ್ತಿ ರಚನೆಯನ್ನು ವಿವರವಾಗಿ ಪ್ರಕಟಿಸಿದ್ದು 1998ರಲ್ಲಿ, ಅಷ್ಟು ತಡವಾಗಿ. ನಮ್ಮ ಹೈಸ್ಕೂಲಿನ ಜೀವಶಾಸ್ತ್ರದ ಪುಸ್ತಕದಲ್ಲಂತೂ ಆ ಅಂಗದ ಹೆಸರೇ ಇರಲಿಲ್ಲ. ಇದ್ದ ಪಾಠವನ್ನೂ ಮೇಷ್ಟ್ರು "ಮನೇಲಿ ಓದ್ಕೊಳ್ರಿ" ಅಂದು ದಾಟಿಸಿದ್ದರು. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಕೇಳಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬರೀ ಸಂಭೋಗದಿಂದಲೇ ಪರಾಕಾಷ್ಠೆ ತಲುಪಲು ಸಾಕಾಗುತ್ತದೆ ಅಂದವರು ಶೇ. 18ರಷ್ಟು ಮಾತ್ರ.

ಅದಕ್ಕೇ ಮೊದಲನೆಯದು ಹೊರಗಡೆ ಬಳಸುವಂಥದ್ದೇ ಇರಲಿ. ಬೆರಳುದ್ದದ "ಬುಲೆಟ್" ಆಗಬಹುದು, ಅಂಗೈಯಲ್ಲಿ ಕೂರುವ ಚಪ್ಪಟೆಯದ್ದೂ ಆಗಬಹುದು. ನನ್ನ ಓಟು ಚಪ್ಪಟೆಯದ್ದಕ್ಕೆ. ಬುಲೆಟ್ಟಿನ ತುದಿ ಸಣ್ಣದು, ಒಂದೇ ಬಿಂದುವಿಗೆ ತಾಗಿ ಕೆಲವರಿಗೆ ಚುಚ್ಚಿದಂತಾಗುತ್ತದೆ. ಅಗಲದ್ದಾದರೆ ಕಂಪನ ಸುತ್ತ ಹರಡುತ್ತದೆ, ತೆಳು ಬಟ್ಟೆಯ ಮೇಲಿಂದಲೂ ಇಟ್ಟುಕೊಳ್ಳಬಹುದು. ಒಂದು ಒಳಗೆ, ಒಂದು ಹೊರಗೆ ತಾಗುವ ಎರಡು ಕೊಂಬಿನ "ರ್‍ಯಾಬಿಟ್" ನೋಡಲು ಆಕರ್ಷಕ, ಆದರೆ ಅದರ ಅಳತೆ ನಿಮ್ಮ ದೇಹದ ಅಳತೆಗೆ ಹೊಂದಬೇಕು. ನಿಮ್ಮ ಅಳತೆ ನಿಮಗಿನ್ನೂ ಗೊತ್ತಿಲ್ಲ, ಹಾಗಾಗಿ ಈಗ ಬೇಡ. ಗಾಳಿಯ ಒತ್ತಡದಿಂದ ಹೀರಿದಂತೆ ಮಾಡುವ ಹೊಸ ಬಗೆ 2014ರ ಹೊತ್ತಿಗೆ ಜರ್ಮನಿಯಿಂದ ಬಂತು. ಅದನ್ನು ಹೊಗಳುವವರು ಬಹಳ ಮಂದಿ. ಆದರೆ ಅದರ ಬಾಯಿ ಸರಿಯಾದ ಜಾಗಕ್ಕೆ ಕೂರದಿದ್ದರೆ ಏನೂ ಆಗುವುದಿಲ್ಲ, ಕೂತರೆ ಕೆಲವರಿಗೆ ತಡೆಯಲಾಗದಷ್ಟು ತೀವ್ರ. ಅದನ್ನು ಎರಡನೆಯ ಖರೀದಿಗೆ ಇಟ್ಟುಕೊಳ್ಳಿ.

ಯಾವುದರಿಂದ ಮಾಡಿದ್ದು ಅನ್ನುವುದರಲ್ಲಿ ನಾನು ಚೌಕಾಸಿಗೆ ಒಪ್ಪುವುದಿಲ್ಲ. ಸಿಲಿಕೋನ್ ಅಥವಾ ಗಟ್ಟಿ ಎಬಿಎಸ್ ಪ್ಲಾಸ್ಟಿಕ್, ಎರಡೇ. ಇವುಗಳಲ್ಲಿ ಸೂಕ್ಷ್ಮ ರಂಧ್ರಗಳಿರುವುದಿಲ್ಲ, ತೊಳೆದರೆ ನಿಜವಾಗಿ ತೊಳೆದಂತೆ. "ಜೆಲ್ಲಿ", "ರಬ್ಬರ್", "ಟಿಪಿಇ", "ರಿಯಲ್ ಸ್ಕಿನ್" ಅಂತೆಲ್ಲ ಬರೆದಿದ್ದರೆ ಮುಂದೆ ಹೋಗಿ. ಅಂಥದ್ದರಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಎಷ್ಟು ತೊಳೆದರೂ ಬ್ಯಾಕ್ಟೀರಿಯಾ, ಫಂಗಸ್ ಕೂತಿರುತ್ತವೆ. ಇಂಥ ಕೆಲವನ್ನು ಮಾಡುವ ಪಿವಿಸಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಅನ್ನುವ ರಾಸಾಯನಿಕ ಬೆರೆಸುವುದೂ ಉಂಟು. ಪೆಟ್ಟಿಗೆ ತೆರೆದಾಗ ಹೊಸ ರೇನ್‌ಕೋಟ್ ಬಿಚ್ಚಿದಂಥ ವಾಸನೆ ಮೂಗಿಗೆ ಬಡಿದರೆ, ಮುಟ್ಟಿದರೆ ಅಂಟಂಟು ಅನಿಸಿದರೆ, ಪೆಟ್ಟಿಗೆಯ ಮೇಲೆ "ಸಿಲಿಕೋನ್" ಅಂತಿದ್ದರೂ ನಂಬಬೇಡಿ. ಒಳ್ಳೆ ಸಿಲಿಕೋನಿಗೆ ವಾಸನೆ ಇರುವುದಿಲ್ಲ. ಈ ಸಾಮಾನುಗಳ ಸುರಕ್ಷತೆಗೆಂದೇ ಐಎಸ್‌ಒ 3533 ಅನ್ನುವ ಅಂತರರಾಷ್ಟ್ರೀಯ ಮಾನದಂಡ 2021ರಲ್ಲಿ ಬಂದಿದೆ. ಅದರ ಹೆಸರು ಹಾಕಿಕೊಂಡ ಕಂಪನಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಕನಿಷ್ಠ ವಸ್ತು ಯಾವುದೆಂದು ಸ್ಪಷ್ಟವಾಗಿ ಬರೆದಿರಬೇಕು.

ಇನ್ನು ಬಟನ್. ನಗಬೇಡಿ, ಜನ ಬೇಸತ್ತು ಮೂಲೆಗೆ ಎಸೆಯುವುದು ಇದೇ ಕಾರಣಕ್ಕೆ. ಒಂದೇ ಬಟನ್ ಇರುವ ಅಗ್ಗದ್ದರಲ್ಲಿ ಒತ್ತಿದಂತೆಲ್ಲ ಮೋಡ್ ಬದಲಾಗುತ್ತಾ ಹೋಗುತ್ತದೆ. ಹಿತವಾದದ್ದು ಒಂದು ಸಿಕ್ಕಿತು, ಸ್ವಲ್ಪ ಕಡಿಮೆ ಮಾಡೋಣ ಅಂತ ಒತ್ತಿದರೆ ಡಬ್‌ಡಬ್ ಅಂತ ಇನ್ನೇನೋ ಶುರುವಾಗುತ್ತದೆ. ಮತ್ತೆ ಅಲ್ಲಿಗೇ ಬರಲು ಹತ್ತು ಸಲ ಒತ್ತಬೇಕು, ಅಷ್ಟರಲ್ಲಿ ಮನಸ್ಸು ಎಲ್ಲೋ ಹೋಗಿರುತ್ತದೆ. ವೇಗ ಹೆಚ್ಚಿಸಲು ಒಂದು, ಇಳಿಸಲು ಒಂದು, ಹೀಗೆ ಬೇರೆ ಬೇರೆ ಬಟನ್ ಇರುವುದನ್ನೇ ಹುಡುಕಿ. ಒಂದೇ ಒತ್ತಿಗೆ ಪೂರ್ತಿ ಆಫ್ ಆಗುತ್ತದಾ ಅಂತಲೂ ವಿಮರ್ಶೆಗಳಲ್ಲಿ ಓದಿ. ಬಾಗಿಲು ಯಾರೋ ತಟ್ಟಿದಾಗ ಅದರ ಬೆಲೆ ತಿಳಿಯುತ್ತದೆ. ಬ್ಯಾಗಿನಲ್ಲಿಟ್ಟು ಬಸ್ಸಲ್ಲಿ ಊರಿಗೆ ಹೋಗುವುದಿದ್ದರೆ ಲಾಕ್ ಇರಬೇಕು.

ಕಂಪನದಲ್ಲೂ ಜಾತಿ ಇದೆ. ಸೊಳ್ಳೆ ಹಾರಿದಂತೆ ಗುಂಯ್ ಅನ್ನುವುದು ಚರ್ಮದ ಮೇಲೇ ನಿಂತು ಬೇಗ ಜೋಮು ಹಿಡಿಸುತ್ತದೆ. ಗುಡುಗುಡು ಅನ್ನುವುದು ಆಳಕ್ಕೆ ಇಳಿಯುತ್ತದೆ. ಬಟನ್ ಸೆಲ್ ಹಾಕುವ ಅಗ್ಗದವು ಸಾಮಾನ್ಯವಾಗಿ ಮೊದಲನೇ ಜಾತಿ, ಯುಎಸ್‌ಬಿಯಿಂದ ಚಾರ್ಜ್ ಆಗುವಂಥದ್ದೇ ವಾಸಿ. ಬಂದ ಮೇಲೆ ಅಂಗೈಯಲ್ಲಿ ಹಿಡಿದು "ಇಷ್ಟೇನಾ" ಅಂತ ತೀರ್ಮಾನ ಮಾಡಬೇಡಿ. ಮೂಗಿನ ತುದಿಗೆ ಮುಟ್ಟಿಸಿ ನೋಡಿ, ಶಕ್ತಿಯ ಅಂದಾಜು ಅಲ್ಲಿ ಸಿಗುತ್ತದೆ. ಎಷ್ಟೇ ವೇಗ ಇದ್ದರೂ ಆರಂಭ ಎಲ್ಲಕ್ಕಿಂತ ಕೆಳಗಿನದ್ದರಿಂದ.

ಸದ್ದು ನಿಮಗೆ ಮುಖ್ಯ, ಜೊತೆಗೆ ಗೆಳತಿ ಇದ್ದಾಳೆ ಅಂದಿರಿ. 50 ಡೆಸಿಬಲ್‌ಗಿಂತ ಕಡಿಮೆ ಅಂತ ಬರೆದದ್ದು ಫ್ಯಾನ್ ಸದ್ದಿನಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಮರದ ಮಂಚಕ್ಕೆ ತಾಗಿದರೆ ಮಾತ್ರ ಸಣ್ಣದೂ ಗೋಡೆಯಾಚೆ ಕೇಳುತ್ತದೆ, ಹಾಸಿಗೆ ಮೇಲಿರಲಿ. ತೊಳೆಯಲು ಐಪಿಎಕ್ಸ್7 ಅಂತ ಇರುವುದು ನೋಡಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಗೆ ನೀರು ಹೋಗುವುದಿಲ್ಲ ಅನ್ನುವ ಗುರುತು ಅದು.

ಈಗ ನನ್ನ ಕೌಂಟರಿನ ವಿಷಯ. ಸಿಲಿಕೋನ್ ಜೊತೆ ನೀರು ಆಧಾರಿತ ಲೂಬ್ರಿಕೆಂಟ್ ಬಳಸಬೇಕು. ಸಿಲಿಕೋನ್ ಲೂಬ್ರಿಕೆಂಟ್ ಹಾಕಿದರೆ ಸಾಮಾನಿನ ಮೇಲ್ಮೈ ಕೆಡಬಹುದು. ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಏನಾಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಎಣ್ಣೆ, ವ್ಯಾಸಲೀನು ಲ್ಯಾಟೆಕ್ಸ್ ಕಾಂಡೋಮನ್ನು ಹಾಳುಮಾಡುತ್ತವೆ, ಕೆಲವರಿಗೆ ಸೋಂಕಿಗೂ ದಾರಿಯಾಗುತ್ತದೆ, ಬೇಡ. ಕೆವೈ ಜೆಲ್ಲಿ, ಡ್ಯುರೆಕ್ಸ್‌ನಂಥ ನೀರಿನ ಜೆಲ್‌ಗಳನ್ನು ಮೆಡಿಕಲ್ ಶಾಪ್‌ಗಳಲ್ಲಿ ಕೇಳಬಹುದು. ಆದರೆ ಕೇಳುವಾಗ ಸಂಕೋಚದಲ್ಲಿ ಬರೀ "ಜೆಲ್ಲಿ ಕೊಡಿ" ಅನ್ನಬೇಡಿ. ಲಿಗ್ನೊಕೇಯ್ನ್ ಜೆಲ್ಲಿ ಅಂತ ಇನ್ನೊಂದಿದೆ, ಮೂತ್ರಕ್ಕೆ ನಳಿಗೆ (ಕ್ಯಾಥೆಟರ್) ಹಾಕುವ ಮುಂಚೆ ಮರಗಟ್ಟಿಸಲು ಹಚ್ಚುವಂಥದ್ದು. ಅಂಗಡಿ ಹುಡುಗ ಅದನ್ನೇ ಕೈಗಿಟ್ಟರೆ ಸುಖವೂ ಇಲ್ಲ, ನೋವಾದರೂ ಗೊತ್ತಾಗುವುದಿಲ್ಲ. "ನೀರು ಆಧಾರಿತ ಲೂಬ್ರಿಕೆಂಟ್" ಅಂತ ಪೂರ್ತಿ ಹೇಳಿ, ಇಲ್ಲವೇ ಫೋನಿನಲ್ಲಿ ಚಿತ್ರ ತೋರಿಸಿ. ನಾವು ಮುಖ ನೋಡುವುದಿಲ್ಲ ರೀ, ಎಕ್ಸ್‌ಪೈರಿ ನೋಡಿ ಬಿಲ್ ಹಾಕ್ತೀವಿ ಅಷ್ಟೇ.

ಬಳಸುವ ಮುಂಚೆ, ಆದ ಮೇಲೆ, ಎರಡೂ ಸಲ ಉಗುರುಬೆಚ್ಚಗಿನ ನೀರು, ಪರಿಮಳವಿಲ್ಲದ ಸೋಪಿನಲ್ಲಿ ತೊಳೆದು ಒಣಗಿಸಿ ಹತ್ತಿ ಬಟ್ಟೆಯ ಚೀಲದಲ್ಲಿಡಿ. ಡೆಟಾಲ್ ಬೇಡ. ಮೋಟಾರ್ ಇರುವುದನ್ನು ಕುದಿಸಬೇಡಿ. ಗುದದ್ವಾರಕ್ಕೆ ತಾಗಿದ್ದನ್ನು ತೊಳೆಯದೆ ಮುಂದೆ ತರಬೇಡಿ, ಅಗಲ ಬುಡ ಇಲ್ಲದ್ದನ್ನು ಅಲ್ಲಿಗೆ ಬಳಸಲೇಬೇಡಿ. ಒಳಗೆ ಹೋಗಿಬಿಟ್ಟರೆ ಆಸ್ಪತ್ರೆಯೇ ಗತಿ. ಬೇರೆಯವರ ಜೊತೆ ಹಂಚಿಕೊಳ್ಳಬೇಡಿ.

ಕಾನೂನು: ಹಳೆ ಐಪಿಸಿಯ 292, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ, ಇವೆರಡೂ ಅಶ್ಲೀಲ ವಸ್ತುಗಳ ಮಾರಾಟ, ಪ್ರದರ್ಶನ, ಹಂಚಿಕೆಯ ಬಗ್ಗೆ. ನಿಮ್ಮ ಬಳಕೆಗೆ ನಿಮ್ಮ ಕಪಾಟಿನಲ್ಲಿ ಒಂದನ್ನು ಇಟ್ಟುಕೊಳ್ಳುವುದು ಅದರಡಿ ಅಪರಾಧವಲ್ಲ. ಮಾರುವವರು "ಪರ್ಸನಲ್ ಮಸಾಜರ್" ಅಂತ ಹೆಸರಿಡುವುದು ಈ ಕಲಮಿನ ಭಯಕ್ಕೆ. ಕಸ್ಟಮ್ಸಿನವರು ಬಾಡಿ ಮಸಾಜರ್‌ಗಳನ್ನು ಅಶ್ಲೀಲ ವಸ್ತುಗಳೆಂದು ಜಪ್ತಿ ಮಾಡಿದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2024ರಲ್ಲಿ ಆಮದುದಾರರ ಪರ ತೀರ್ಪು ಕೊಟ್ಟಿದೆ. ಆದರೂ ನೀವು ವಿದೇಶದಿಂದ ನೇರ ತರಿಸುವ ಉಸಾಬರಿಗೆ ಹೋಗಬೇಡಿ, ಭಾರತದಲ್ಲೇ ದಾಸ್ತಾನು ಇರುವ ಸೈಟಿನಿಂದ ತರಿಸಿ. ಅಂದಹಾಗೆ ಈ ಮಸಾಜರ್ ವೇಷ ಹಳೆಯದು. ಜಗತ್ತಿನಲ್ಲೇ ಹೆಸರಾದ ಮ್ಯಾಜಿಕ್ ವಾಂಡ್ ಅನ್ನು ಜಪಾನಿನ ಹಿಟಾಚಿ ಮಾರಿದ್ದೂ ಬೆನ್ನು, ಕುತ್ತಿಗೆ ನೋವಿಗೆ ಅಂತಲೇ.

ಮದುವೆಯ ಭಯಕ್ಕೆ ಬರೋಣ. ಹೊರಗಡೆ ಬಳಸುವುದರಿಂದ ಕನ್ಯಾಪೊರೆಗೆ ಏನೂ ಆಗುವುದಿಲ್ಲ. ಆ ಪೊರೆಯನ್ನು ನೋಡಿ ಯಾರ ಚರಿತ್ರೆಯನ್ನೂ ಹೇಳಲು ಬರುವುದಿಲ್ಲ. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಅಭ್ಯಾಸವಾಗಿ ಮರಗಟ್ಟಿಬಿಡುತ್ತದೆ ಅನ್ನುವ ಮಾತೂ ಕೇಳಿರುತ್ತೀರಿ. ಜಾಸ್ತಿ ಹೊತ್ತು ಜೋರಾಗಿ ಇಟ್ಟರೆ ಜೋಮು ಬರುವುದು ನಿಜ, ಬಿಟ್ಟರೆ ಹೋಗುತ್ತದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯಲ್ಲಿ 18ರಿಂದ 60 ವರ್ಷದ 2,056 ಮಹಿಳೆಯರನ್ನು ಕೇಳಿದ್ದರು. ಅರ್ಧಕ್ಕಿಂತ ಹೆಚ್ಚು ಜನ ವೈಬ್ರೇಟರ್ ಬಳಸಿದ್ದರು, ಬಳಸಿದವರಲ್ಲಿ ಶೇ. 71.5ರಷ್ಟು ಮಂದಿಗೆ ಒಮ್ಮೆಯೂ ಯಾವ ತೊಂದರೆಯೂ ಆಗಿರಲಿಲ್ಲ. ಗಂಡನಿಗೆ ಹೇಳಬೇಕೋ ಬೇಡವೋ ಅನ್ನುವುದು ಮದುವೆಯಾದ ಮೇಲೆ ಮನುಷ್ಯನನ್ನು ನೋಡಿ ತೀರ್ಮಾನಿಸುವ ವಿಷಯ, ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಒಂದು ಎಚ್ಚರಿಕೆ. ಬೆರಳು ತಾಗಿದರೂ ಉರಿ, ಒಳಗೆ ಏನೂ ಹೋಗದಷ್ಟು ಬಿಗಿತ, ಬಳಸಿದ ಮೇಲೆ ರಕ್ತ, ವಾಸನೆಯ ಬಿಳಿ ಸ್ರಾವ, ಇವುಗಳಲ್ಲಿ ಯಾವುದಿದ್ದರೂ ಸಾಮಾನು ಬದಿಗಿಟ್ಟು ಸ್ತ್ರೀರೋಗ ತಜ್ಞೆಯನ್ನು ಕಾಣಿ. ಚಿಗಟೇರಿ ಆಸ್ಪತ್ರೆಯಲ್ಲೂ ಬಾಪೂಜಿಯಲ್ಲೂ ಆ ವಿಭಾಗ ಇದೆ. ಬಿಗಿತಕ್ಕೆ ವೆಜಿನಿಸ್ಮಸ್ ಅಂತ ಹೆಸರಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ಮದುವೆಗೆ ಮುಂಚೆಯೇ ಗೊತ್ತಾದರೆ ಇನ್ನೂ ಒಳ್ಳೆಯದಾಯಿತು.

ದುಡ್ಡಿನ ಲೆಕ್ಕ: 1,500ರಿಂದ 3,500 ರೂಪಾಯಿ ಒಳಗೆ ಹೊರಗಡೆಯ ಒಳ್ಳೆ ಸಿಲಿಕೋನಿನದು ಸಿಗುತ್ತದೆ. 400, 500ಕ್ಕೆ ಸಿಕ್ಕರೆ ನನಗೆ ಅನುಮಾನ. ಅಶೋಕ ರಸ್ತೆಯ ಕಡೆ ಕುತ್ತಿಗೆ ನೋವಿಗೆ ಅಂತ ಮಾರುವ ದೊಡ್ಡ ಮಸಾಜರ್ ತಂದು ಸುಧಾರಿಸೋಣ ಅಂತಲೂ ಯೋಚಿಸಬೇಡಿ, ಅದರ ಹೊಡೆತ ಬೇರೆ, ತೊಳೆಯಲೂ ಬರುವುದಿಲ್ಲ. ಹಣ ಮೊದಲೇ ಕಟ್ಟಿ. ಕ್ಯಾಶ್ ಆನ್ ಡೆಲಿವರಿ ಅಂದರೆ ಕೊರಿಯರ್ ಹುಡುಗ ಬೀದಿಯಲ್ಲಿ ನಿಂತು ಮೊತ್ತ ಕೂಗುತ್ತಾನೆ, ನೀವಿಲ್ಲದಾಗ ಮನೆ ಓನರ್ ಆಂಟಿ ಇಸ್ಕೊಂಡು ಅಲ್ಲಾಡಿಸಿ ನೋಡ್ತಾರೆ. ಪೆಟ್ಟಿಗೆ ಮೇಲೆ ಯಾವ ಹೆಸರು ಬರುತ್ತದೆ ಅಂತ ಸೈಟಿನವರನ್ನು ಮೊದಲೇ ಕೇಳಿ. ರಜೆ ಇರುವ ದಿನಕ್ಕೆ ತರಿಸಿಕೊಳ್ಳಿ. ಬಿಚ್ಚುವಾಗ ಫೋನಿನಲ್ಲಿ ವಿಡಿಯೊ ಮಾಡಿ. ಈ ಸಾಮಾನನ್ನು ಬಳಸಿದ ಮೇಲೆ ವಾಪಸ್ ತಗೊಳ್ಳುವುದಿಲ್ಲ, ಹಾಗಾಗಿ ಮೊದಲು ಪೂರ್ತಿ ಚಾರ್ಜ್ ಮಾಡಿ, ಎಲ್ಲ ಬಟನ್ ಒತ್ತಿ ನೋಡಿ, ಸರಿ ಇದ್ದರೆ ಆಮೇಲೆ ತೊಳೆಯಿರಿ.