59ರ ಅಮ್ಮನಿಗೆ ತೂಕ ಇಳಿಸುವ ಆಪರೇಷನ್ ಮಾಡಿಸಬಹುದಾ?

ಅಮ್ಮನಿಗೆ 59 ವರ್ಷ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 41, ಶುಗರ್ ಇದೆ, ರಾತ್ರಿಯೆಲ್ಲ ಗೊರಕೆ. ಡಾಕ್ಟರು ಸ್ಲೀವ್, ಅಂದರೆ ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆದು ಸಣ್ಣ ಕೊಳವೆಯಷ್ಟು ಉಳಿಸುವ ಆಪರೇಷನ್, ಮಾಡಿಸಿ ಅಂದಿದ್ದಾರೆ, ನಿಮ್ಮ ಚಿಕ್ಕಮ್ಮ 'ಟೇಬಲ್ ಮೇಲೇ ಹೋಗಿಬಿಟ್ಟರೆ?' ಅಂತ ಹೆದರಿಸಿದ್ದಾರೆ. ಇದೇ ಅಲ್ವಾ ನಿಮ್ಮ ಪ್ರಶ್ನೆ? ನಾನು ಡಾಕ್ಟರಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಈ ಆಪರೇಷನ್ ಆದವರ ವಾರ್ಡಿನಲ್ಲಿ 13 ವರ್ಷದಿಂದ ನರ್ಸ್.

ನಾನು ಸೇರಿದ ಹೊಸದರಲ್ಲಿ ಬರುತ್ತಿದ್ದವರೇ ಬೇರೆ. ಮೂವತ್ತರ ಆಸುಪಾಸಿನವರು, ವಿಪರೀತ ತೂಕ, ಗಂಡು ಸಿಗುತ್ತಿಲ್ಲ ಅಂತ ಮನೆಯವರೇ ಎಳೆದುಕೊಂಡು ಬಂದ ಹುಡುಗಿಯರೂ ಇದ್ದರು. ಈಗ ಶುಗರ್ ಫೈಲ್ ಹಿಡಿದುಕೊಂಡು ನಿಮ್ಮ ಅಮ್ಮನ ವಯಸ್ಸಿನವರು ಬರುತ್ತಾರೆ. ನೋಡಿದರೆ ಅಷ್ಟೇನೂ ದಪ್ಪ ಅನ್ನಿಸದವರೂ ಬರುತ್ತಾರೆ. 1991ರಿಂದ ಬಿಎಂಐ 40, ಜೊತೆಗೆ ಕಾಯಿಲೆ ಇದ್ದರೆ 35 ಅನ್ನುವುದೇ ಅಳತೆಯಾಗಿತ್ತು, 2022ರಲ್ಲಿ ಸರ್ಜನ್‌ಗಳ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸಂಘಗಳು ಅದನ್ನು ಇಳಿಸಿ, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂದವು. ನಮ್ಮ ಇನ್ಶೂರೆನ್ಸ್‌ನವರು ಮಾತ್ರ ಸಾಮಾನ್ಯವಾಗಿ ಇನ್ನೂ ಹಳೇ ಲೆಕ್ಕವನ್ನೇ ಹಿಡಿದು ಕೂತಿರುತ್ತಾರೆ. ಅಮ್ಮನದು 41, ಹಾಗಾಗಿ ಆ ಜಗಳ ನಿಮಗಿಲ್ಲ.

ಇನ್ನೊಂದು ಹೊಸ ಗುಂಪು, ತೂಕದ ಇಂಜೆಕ್ಷನ್ ಚುಚ್ಚಿಸಿಕೊಂಡು, ಖರ್ಚು ತಡೆಯಲಾರದೆ ಬಿಟ್ಟು, ಇಳಿದ ತೂಕ ವಾಪಸ್ ಬಂದ ಮೇಲೆ ಬರುವವರು. ಅಮ್ಮ ಅದನ್ನು ತೆಗೆದುಕೊಳ್ಳುತ್ತಿದ್ದರೆ ಅನಸ್ತೇಷಿಯಾ ಡಾಕ್ಟರಿಗೆ ಮೊದಲೇ ಹೇಳಿ. ಅದರಿಂದ ಹೊಟ್ಟೆ ಬೇಗ ಖಾಲಿಯಾಗುವುದಿಲ್ಲ, ಅನಸ್ತೇಷಿಯಾ ಕೊಡುವಾಗ ಹೊಟ್ಟೆ ಖಾಲಿ ಇರಬೇಕು.

ಇನ್ನು ಚಿಕ್ಕಮ್ಮನ ಭಯ. ಅಮೆರಿಕದಲ್ಲಿ 2009ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಆಪರೇಷನ್ ಆದ 30 ದಿನದೊಳಗೆ ತೀರಿಕೊಂಡವರು ಸಾವಿರಕ್ಕೆ ಮೂವರು. ಈಗ ಅಲ್ಲಿನ ಲೆಕ್ಕ ಸಾವಿರಕ್ಕೆ ಒಬ್ಬರ ಆಸುಪಾಸು. ವಯಸ್ಸಾದವರಿಗೆ ಸ್ವಲ್ಪ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಮಂಡಿ ಚಿಪ್ಪು ಬದಲಾಯಿಸುವಾಗ ಯಾರೂ ಇಷ್ಟು ಹೆದರುವುದಿಲ್ಲ, ಅಪಾಯ ಹೆಚ್ಚುಕಮ್ಮಿ ಒಂದೇ. ಹೊಟ್ಟೆ ಕೊಯ್ಯುವ ಬದಲು ಐದಾರು ಸಣ್ಣ ತೂತು, ಅದೇ ದಿನ ಸಂಜೆ ಎಬ್ಬಿಸಿ ನಡೆಸುತ್ತೇವೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದಲ್ಲ, ಅದಕ್ಕೇ ಈ ಬಲವಂತ. ಬೈಸಿಕೊಳ್ಳುತ್ತೇವೆ, ಬಿಡುವುದಿಲ್ಲ. ಹೊಲಿಗೆ ಸೋರುವುದು ನೂರಕ್ಕೆ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ, ಆದರೆ ಸೋರಿದರೆ ಕಷ್ಟ.

ನನ್ನ ತಲೆನೋವು ಟೇಬಲ್ ಅಲ್ಲ, ಮನೆಗೆ ಹೋದ ಮೇಲಿನ ಎರಡು ವಾರ. ವಾಪಸ್ ಅಡ್ಮಿಟ್ ಆಗುವವರಲ್ಲಿ ಜಾಸ್ತಿ ಜನ ಬರುವುದು ವಾಂತಿಯಾಗಿ, ನೀರು ಸಾಲದೆ ಸುಸ್ತಾಗಿ. ವಾರ್ಡಿನಲ್ಲಿ 30 ಎಂಎಲ್‌ನ ಔಷಧಿ ಕಪ್ ಕೊಡುತ್ತೇವೆ, ಒಂದು ಕಪ್ ಮುಗಿಸಲು ಕಾಲು ಗಂಟೆ. ನಮ್ಮ ಹಿರಿಯರಿಗೆ ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿದೇ ಅಭ್ಯಾಸ. ಒಬ್ಬ ಅಜ್ಜಿ ನಾನು ಆಚೆ ತಿರುಗಿದ್ದೇ ತಡ, ಚೊಂಬನ್ನೇ ಎತ್ತಿಬಿಟ್ಟರು. ಗಾಳಿ, ನೀರು ಎರಡೂ ಒಳಗೆ ಹೋಗಿ, ಎದೆ ಹಿಡಿದುಕೊಂಡು ಕೂತರು. ಬಾಳೆಕಾಯಿ ಗಾತ್ರದ ಹೊಟ್ಟೆಗೆ ಎಷ್ಟು ಹಿಡಿಯಬೇಕು ಹೇಳಿ! ಇನ್ನೊಬ್ಬರು ಇನ್ನೂ ನೀರಾಹಾರ ಮಾತ್ರ ಕುಡಿಯಬೇಕಾದ ಒಂಬತ್ತನೇ ದಿನ, ಯುಗಾದಿ ಅಂತ ಸುಮ್ನೆ ಒಂದು ಚೂರು ಹೋಳಿಗೆ ತಿಂದು ಬಂದಿದ್ದರು. ಅಮ್ಮನಿಗೆ ಈಗಿನಿಂದಲೇ ಗುಟುಕು ಗುಟುಕಾಗಿ ಕುಡಿಯುವುದು ಅಭ್ಯಾಸ ಮಾಡಿಸಿ. ಮನೆಯಲ್ಲಿ ನಾಡಿ ನಿಮಿಷಕ್ಕೆ 120 ದಾಟಿದರೆ, ಜ್ವರ ಬಂದರೆ, ಕಾಲು ಊದಿದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಎದೆಯುರಿ ಜಾಸ್ತಿ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಸ್ಲೀವ್ ಆದ ಮೇಲೆ ಅದು ಹೆಚ್ಚಾಗಬಹುದು, ಬೈಪಾಸ್ (ಹೊಟ್ಟೆ ಚಿಕ್ಕದು ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್) ಸರಿಯಾ ಅಂತ ಕೇಳಿ. ವರ್ಷಕ್ಕೆ ಇಂಥ ಕೇಸ್ ಎಷ್ಟು ಮಾಡುತ್ತೀರಿ ಅಂತಲೂ ಕೇಳಿ. ಹಾಗೇ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುವವರು ಯಾರು ಅಂತ ಈಗಲೇ ನಂಬರ್ ಬರೆಸಿಕೊಳ್ಳಿ.