ಆಪ್ತಸಲಹೆ ಪ್ರಕರಣ: ಕಾರ್ಡು ಎಣಿಸುತ್ತಾ ನಿದ್ದೆಗೆಟ್ಟವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 31. ಮನೆ ಕಟ್ಟಿಕೊಡುವ ಸಣ್ಣ ಸಂಸ್ಥೆಯಲ್ಲಿ ಸೈಟ್ ಕೋಆರ್ಡಿನೇಟರ್. "ನನಗೆ ಮರೆವು ಶುರುವಾಗಿದೆ ಮೇಡಂ. ರಾತ್ರಿ ಒಂದು ಗಂಟೆಗೆ ಎದ್ದು ಮೊಬೈಲಿನಲ್ಲಿ ಕಾರ್ಡುಗಳನ್ನು ನೋಡ್ತೀನಿ" ಎಂದರು. ಕಾರ್ಡು ಎಂದರೆ ಟ್ರೆಲ್ಲೊದಂಥ ತಂತ್ರಾಂಶದ ಬೋರ್ಡಿನಲ್ಲಿ ಒಂದೊಂದು ಕೆಲಸಕ್ಕೂ ಹಾಕುವ ಚೀಟಿ.

ಏನು ಮರೆತಿರಿ ಎಂದು ಒಂದೊಂದಾಗಿ ಕೇಳಿದರೆ ಮರೆತದ್ದು ಯಾವುದೂ ಸಿಗಲಿಲ್ಲ. ಸಿಕ್ಕಿದ್ದು ಒಂದು ಸ್ಲ್ಯಾಬು. 3ನೇ ತಾರೀಕಿನ ಕಾಂಕ್ರೀಟು ಮಳೆಯಿಂದ 8ಕ್ಕೆ ಬಿತ್ತು. ಗೋಡೆಯಿಂದ ಗೋಡೆಗೆ 5 ಮೀಟರ್. 4.5 ಮೀಟರ್ ದಾಟಿದ ಸ್ಲ್ಯಾಬನ್ನು ಕೆಳಗಿನಿಂದ ಹೊತ್ತು ನಿಲ್ಲುವ ಸೆಂಟ್ರಿಂಗ್ ಕಂಬಗಳನ್ನು, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೂ, 14 ದಿನ ತೆಗೆಯುವಂತಿಲ್ಲ ಎನ್ನುತ್ತದೆ ಕಾಂಕ್ರೀಟು ಕೆಲಸದ ಭಾರತೀಯ ಮಾನದಂಡ ಐಎಸ್ 456. ಅಂದರೆ 22ರವರೆಗೆ ಕಾಯಬೇಕು. 'ಒಳಗಿನ ಪ್ಲಾಸ್ಟರಿಂಗ್' ಕಾರ್ಡು ಮಾತ್ರ 18ರಲ್ಲೇ ಕೂತಿತ್ತು. ಆ ಬೆಳಗ್ಗೆ ಗಾರೆಯವರು ಆರು ಜನ ಬಂದು, ಕಂಬಗಳ ನಡುವೆ ಸುಮ್ಮನೆ ಕೂತು ಹೋದರು. ಮಾಲೀಕರು ಎಲ್ಲರೆದುರೇ ಬೈದರು.

ಟ್ರೆಲ್ಲೊದಂಥ ಬೋರ್ಡು ಕೆಲಸ ಎಲ್ಲಿದೆ ಎಂದು ಚೆನ್ನಾಗಿ ತೋರಿಸುತ್ತದೆ. ಇವರ ಬೋರ್ಡಿನಲ್ಲಿ ಒಂದು ಕೆಲಸ ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡಿರಲಿಲ್ಲ. ಸ್ಲ್ಯಾಬು ಐದು ದಿನ ಜಾರಿದರೆ ಮುಂದಿನ ಅಷ್ಟೂ ಕಾರ್ಡುಗಳನ್ನು ಕೈಯಿಂದಲೇ ಸರಿಸಬೇಕು. ಅದನ್ನು ತಲೆಯಲ್ಲಿ ಹೊತ್ತುಕೊಂಡವರಿಗೆ ನಿದ್ದೆ ಬರುವುದಾದರೂ ಹೇಗೆ?

ಸಲಹೆ ಕೊಟ್ಟಿದ್ದು ಹೀಗೆ. ಹೊಸ ಮನೆಗೆ ಗ್ಯಾಂಟ್ ಚಾರ್ಟ್, ಅಂದರೆ ಕೆಲಸಗಳನ್ನು ತಾರೀಕುಗಳ ಮೇಲೆ ಗೆರೆಗಳಾಗಿ ಎಳೆದು ಒಂದಕ್ಕೊಂದು ಕೊಂಡಿ ಹಾಕಿದ ನಕ್ಷೆ. ಅದನ್ನು ಮಾಡುವ ತಂತ್ರಾಂಶಗಳಾದ ಗ್ಯಾಂಟ್‌ಪ್ರಾಜೆಕ್ಟ್, ಪ್ರಾಜೆಕ್ಟ್‌ಲಿಬ್ರೆ ಎರಡೂ ಉಚಿತ. ಒಂದು ಮನೆಗೆ 30–40 ಸಾಲು ಸಾಕು; ಪ್ರತಿ ಸಾಲಿಗೂ ಎಷ್ಟು ದಿನ, ಯಾವುದರ ನಂತರ ಎಂದು ಬರೆಯಬೇಕು. ಇಲ್ಲಿ ಎಡವುವುದು ರಜೆಯಲ್ಲಿ. ತಂತ್ರಾಂಶ ಭಾನುವಾರದ ರಜೆ ಬಿಟ್ಟು ಎಣಿಸಿದರೆ 14 ದಿನ ಕನಿಷ್ಠ 16 ಆಗುತ್ತದೆ. ಸಿಮೆಂಟಿಗೆ ಭಾನುವಾರವಿಲ್ಲ. ಕಾಯುವ ದಿನಗಳ ಕೊನೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿ ತಾಳೆ ನೋಡಬೇಕು.

ನಲ್ಲಿ ಸೋರಿಕೆ, ಬಿರುಕಿನಂಥ ರಿಪೇರಿಗೆ ಹಳೆಯ ಬೋರ್ಡೇ ಸರಿ. ಪ್ಲಂಬರ್ ಇಬ್ಬರೇ ಇದ್ದರೆ 'ನಡೆಯುತ್ತಿದೆ' ಸಾಲಿನಲ್ಲಿ ಮೂರಕ್ಕಿಂತ ಹೆಚ್ಚು ಕಾರ್ಡು ಬೇಡ. ನಕ್ಷೆಗಳ ಒಪ್ಪಿಗೆಗೆ ಒಂದು ಎಕ್ಸೆಲ್ ಹಾಳೆ ಸಾಕು.

ಮಾಲೀಕರ ಮುಂದೆ ಆಡುವ ಮಾತನ್ನು ಎರಡು ಸಲ ಅಭ್ಯಾಸ ಮಾಡಿಸಲಾಯಿತು. ಮೊದಲ ಸಲ ಕ್ಷಮೆಯಿಂದ ಶುರುಮಾಡಿದರು, ಅದನ್ನು ಬಿಡಿಸಿದೆವು. "ಸರ್, ಸ್ಲ್ಯಾಬಿಗೂ ಪ್ಲಾಸ್ಟರಿಂಗಿಗೂ ಕೊಂಡಿ ಇರಲಿಲ್ಲ. ಒಂದೇ ಸೈಟಿಗೆ ನಾಲ್ಕು ವಾರ ಗ್ಯಾಂಟ್ ಚಾರ್ಟ್ ಹಾಕಿ ನೋಡೋಣ." ಎಲ್ಲ ಸೈಟುಗಳನ್ನೂ ಒಟ್ಟಿಗೆ ಬದಲಿಸುವುದು ಖಂಡಿತ ಬೇಡ.

ಸಂಜೆ ಕಾಲು ಗಂಟೆ ಮುಂದಿನ ಮೂರು ದಿನದ ಸಾಲುಗಳನ್ನು ನೋಡಿ, ಮೊಬೈಲನ್ನು ಮಲಗುವ ಕೋಣೆಯ ಹೊರಗಿಡಲು ಹೇಳಿದೆವು. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕು.

ಮೂರನೇ ವಾರ ಟೈಲ್ಸ್ ಎರಡು ದಿನ ತಡವಾಯಿತು. ಚಾರ್ಟು ತಾನೇ ಸರಿಯಿತು, ಬಣ್ಣದವರಿಗೆ ಮೊದಲೇ ಫೋನ್ ಹೋಯಿತು. ರಾತ್ರಿ ಎದ್ದು ನೋಡುವುದು ವಾರಕ್ಕೆ ಎರಡು ಸಲಕ್ಕೆ ಇಳಿದಿದೆ, ಭೇಟಿ ಮುಂದುವರಿದಿದೆ.