ತಂಡ ಕಳೆದುಕೊಂಡ ಊರಿನ ಕಡೆಯಿಂದ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ಒಹಾಯೋ ರಾಜ್ಯದ ಪೋರ್ಟ್ಸ್‌ಮತ್ ಅನ್ನುವ ಸಣ್ಣ ಊರು. ಅದಕ್ಕೊಂದು ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡ, ಹೆಸರು ಸ್ಪಾರ್ಟನ್ಸ್. 1930ರಿಂದ 1933ರವರೆಗೆ ನಾಲ್ಕೇ ಸೀಸನ್ ಆ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಡಿತು. 1934ರಲ್ಲಿ ಡೆಟ್ರಾಯ್ಟ್‌ಗೆ ಮಾರಾಟವಾಗಿ ಲಯನ್ಸ್ ಆಯಿತು. ವಿಷಯ ತುಂಬಾ ಚೆನ್ನಾಗಿದೆ. ನೀವು ಸಾಕಷ್ಟು ಓದಿದ್ದೀರಿ ಅನ್ನುವುದೂ ಗೊತ್ತಾಗುತ್ತದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸುವುದಕ್ಕೆ ಆಗುವುದಿಲ್ಲ. ಕಾರಣಗಳನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಈ ಲೇಖನ ಕೈಬಿಟ್ಟು ಹೋಗಬಾರದು ಅನ್ನುವ ಆಸೆ ನನಗಿದೆ.

ದೊಡ್ಡ ತೊಂದರೆ ಮೊದಲ ಸಾಲಿನಲ್ಲೇ ಇದೆ. "ಇಂದಿನ ಡೆಟ್ರಾಯ್ಟ್ ಲಯನ್ಸ್ ತಂಡದ ಬೇರು ಒಂದು ಪುಟ್ಟ ಊರಿನಲ್ಲಿದೆ" ಅಂತ ಶುರು ಮಾಡಿದ್ದೀರಿ. ಮುಗಿಸಿದ್ದು "ಹೀಗೆ ಲಯನ್ಸ್ ಯುಗ ಆರಂಭವಾಯಿತು" ಅಂತ. ಈ ಎರಡು ಸಾಲಿನ ನಡುವೆ ಪೋರ್ಟ್ಸ್‌ಮತ್ ದಾರಿಯಲ್ಲಿ ಸಿಕ್ಕ ಒಂದು ಬಸ್ ಸ್ಟಾಪಿನ ಹಾಗೆ ಬಂದು ಹೋಗುತ್ತದೆ. ಡೆಟ್ರಾಯ್ಟ್‌ನ ಕಥೆ ಹೇಳಲು ಜನ ಬೇಕಾದಷ್ಟಿದ್ದಾರೆ. ನಿಮ್ಮ ಕೈಯಲ್ಲಿರುವುದು ತಂಡ ಕಳೆದುಕೊಂಡ ಊರಿನ ಕಥೆ. ಅದನ್ನು ಆ ಊರಿನ ಬೀದಿಯಲ್ಲಿ ನಿಂತು ಹೇಳಬೇಕು.

ನಿಮ್ಮ ಎಂಟು ಪುಟದಲ್ಲಿ ಪೋರ್ಟ್ಸ್‌ಮತ್ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಅದು ಒಹಾಯೋ ನದಿಯ ದಂಡೆಯ ಕಾರ್ಖಾನೆ ಊರು. ಶೂ ತಯಾರಿಸುತ್ತಿದ್ದರು, ಉಕ್ಕು ತಯಾರಿಸುತ್ತಿದ್ದರು. ಸ್ಪಾರ್ಟನ್ಸ್‌ಗಿಂತ ಮುಂಚೆ ಅಲ್ಲಿದ್ದ ಇನ್ನೊಂದು ತಂಡದ ಹೆಸರೇ ಶೂ-ಸ್ಟೀಲ್ಸ್. 1927ರಲ್ಲಿ ಒಲಿಂಪಿಕ್ ಚಾಂಪಿಯನ್ ಜಿಮ್ ಥೋರ್ಪ್ ಆ ತಂಡದಲ್ಲಿ ಆಡಿದರು, ಕೋಚ್ ಕೂಡ ಅವರೇ. ಈ ಹೆಸರು ನಿಮ್ಮ ಟಿಪ್ಪಣಿಯಲ್ಲಿ ಖಂಡಿತ ಇರುತ್ತದೆ. ಲೇಖನದಲ್ಲಿ ಯಾಕಿಲ್ಲ? ಶೂ ಮತ್ತು ಉಕ್ಕು ಅನ್ನುವ ಎರಡು ಪದಗಳಲ್ಲೇ ಓದುಗರಿಗೆ ಊರು ಕಾಣುತ್ತದೆ.

ಇನ್ನೊಂದು ಲೆಕ್ಕ. 1930ರಲ್ಲಿ ಆ ಊರಿನ ಜನಸಂಖ್ಯೆ ಸುಮಾರು 42,000. ಅದೇ ವರ್ಷ ತಂಡಕ್ಕಾಗಿ ಎದ್ದು ನಿಂತ ಯೂನಿವರ್ಸಲ್ ಸ್ಟೇಡಿಯಂನಲ್ಲಿ 8,200 ಜನ ಕೂರಬಹುದಿತ್ತು. ಅಂದರೆ ಊರಿನ ಐದು ಜನರಲ್ಲಿ ಒಬ್ಬರಿಗೆ ಅಲ್ಲಿ ಜಾಗ ಇತ್ತು. ಅದೂ ಮಹಾ ಆರ್ಥಿಕ ಕುಸಿತ ಆಗಲೇ ಶುರುವಾಗಿದ್ದ ಹೊತ್ತಿನಲ್ಲಿ. ನೀವು ಎರಡೂ ಅಂಕಿ ಕೊಟ್ಟಿದ್ದೀರಿ, ಆದರೆ ಬೇರೆ ಬೇರೆ ಪುಟದಲ್ಲಿ. ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು, ವಿವರಣೆಯೇ ಬೇಡ.

ಈಗ ಆರಂಭದ ಬಗ್ಗೆ. ಆ ಮೊದಲ ಸಾಲಿನ ಬೆನ್ನಿಗೇ ನೀವು 1932ರ ಚಾಂಪಿಯನ್ ಯಾರು ಅಂತ ತೀರ್ಮಾನಿಸಿದ ಶಿಕಾಗೋ ಪಂದ್ಯಕ್ಕೆ ಹೋಗಿದ್ದೀರಿ. ಸರ್ಕಸ್ ನಡೆದ ಒಳಾಂಗಣ, ಮಣ್ಣು, ವಾಸನೆ, ಎಲ್ಲ ಸೊಗಸಾಗಿದೆ. ಆದರೆ ಅದು ಪೋರ್ಟ್ಸ್‌ಮತ್ ಸೋತ ಪಂದ್ಯ, ಬೇರೆ ಊರಿನಲ್ಲಿ ನಡೆದ ಪಂದ್ಯ. ಅದಕ್ಕೆ ಎರಡು ವಾರ ಹಿಂದಿನ ಪಂದ್ಯದಿಂದ ಶುರು ಮಾಡಿ. 1932ರ ಡಿಸೆಂಬರ್ 4, ಯೂನಿವರ್ಸಲ್ ಸ್ಟೇಡಿಯಂ. ಎದುರಿಗೆ ಗ್ರೀನ್ ಬೇ ಪ್ಯಾಕರ್ಸ್, ಸತತ ಮೂರು ವರ್ಷದ ಚಾಂಪಿಯನ್. ಕೋಚ್ ಪಾಟ್ಸಿ ಕ್ಲಾರ್ಕ್ ಹನ್ನೊಂದೇ ಆಟಗಾರರನ್ನು ಇಳಿಸಿದರು. ಅರವತ್ತು ನಿಮಿಷವೂ ಅದೇ ಹನ್ನೊಂದು ಜನ. ಒಬ್ಬರನ್ನೂ ಬದಲಿಸಲಿಲ್ಲ. ಫಲಿತಾಂಶ 19-0. ಅಲ್ಲಿನವರು ಇಂದಿಗೂ ಇದನ್ನು ಐರನ್ ಮ್ಯಾನ್ ಪಂದ್ಯ ಅಂತಲೇ ಕರೆಯುತ್ತಾರೆ. ನೀವು ಇದಕ್ಕೆ ಕೊಟ್ಟಿದ್ದು ಒಂದೂವರೆ ಸಾಲು!

ಆ ಹಠ ಎಲ್ಲಿಂದ ಬಂತು ಅಂತಲೂ ಹೇಳಬೇಕು. 1931ರಲ್ಲಿ ಗ್ರೀನ್ ಬೇ 12 ಗೆದ್ದು 2 ಸೋತಿತ್ತು. ಪೋರ್ಟ್ಸ್‌ಮತ್ 11 ಗೆದ್ದು 3 ಸೋತಿತ್ತು. ಕೊನೆಯಲ್ಲಿ ಇಬ್ಬರ ನಡುವೆ ಪೋರ್ಟ್ಸ್‌ಮತ್‌ನಲ್ಲಿ ಒಂದು ಪಂದ್ಯದ ಮಾತಾಗಿತ್ತು. ಪೋರ್ಟ್ಸ್‌ಮತ್ ಅದನ್ನು ಗೆದ್ದರೆ ಎರಡೂ ತಂಡ ಸಮ. ಆ ಪಂದ್ಯ ಖಚಿತವಾಗಿ ಗೊತ್ತಾದದ್ದಲ್ಲ, ತಾತ್ಕಾಲಿಕ ಅಷ್ಟೇ ಅಂತ ಹೇಳಿ ಗ್ರೀನ್ ಬೇ ಬರಲಿಲ್ಲ. ಲೀಗ್ ಕೂಡ ಅದನ್ನೇ ಒಪ್ಪಿಕೊಂಡಿತು. ಊರಿಗೆ ಊರೇ ಒಂದು ವರ್ಷ ಆ ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ಇದು ಗೊತ್ತಿದ್ದರೆ ಓದುಗರಿಗೆ ಆ ಹನ್ನೊಂದು ಜನ ಅರ್ಥ ಆಗುತ್ತಾರೆ. ಗೊತ್ತಿಲ್ಲದಿದ್ದರೆ 19-0 ಸುಮ್ನೆ ಒಂದು ಸ್ಕೋರು.

ಶಿಕಾಗೋ ಪಂದ್ಯವನ್ನು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಮೂರು ಪುಟವನ್ನು ಒಂದಕ್ಕೆ ಇಳಿಸಿ. ಆ ಕಾಲದ ಲೆಕ್ಕದಲ್ಲಿ ಡ್ರಾ ಆದ ಪಂದ್ಯಗಳನ್ನು ಎಣಿಸುತ್ತಲೇ ಇರಲಿಲ್ಲ, ಉಳಿದ ಪಂದ್ಯಗಳಲ್ಲಿ ಗೆಲುವಿನ ಪ್ರಮಾಣ ಎಷ್ಟು ಅಂತ ಮಾತ್ರ ನೋಡುತ್ತಿದ್ದರು. ಪೋರ್ಟ್ಸ್‌ಮತ್ 6 ಗೆಲುವು, 1 ಸೋಲು, 4 ಡ್ರಾ. ಶಿಕಾಗೋ ಬೇರ್ಸ್ 6 ಗೆಲುವು, 1 ಸೋಲು, 6 ಡ್ರಾ. ಹಾಗಾಗಿ ಇಬ್ಬರೂ ಸಮ. 10 ಪಂದ್ಯ ಗೆದ್ದು 3 ಸೋತ ಗ್ರೀನ್ ಬೇ ಅವರಿಗಿಂತ ಕೆಳಗೆ. ಇದನ್ನು ನೀವು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ, ಹಾಗೇ ಇರಲಿ. ಶಿಕಾಗೋದಲ್ಲಿ ಹಿಮ ಮತ್ತು ಚಳಿ ಜಾಸ್ತಿ ಆಗಿ, ಡಿಸೆಂಬರ್ 18ರ ನಿರ್ಣಾಯಕ ಪಂದ್ಯವನ್ನು ಶಿಕಾಗೋ ಸ್ಟೇಡಿಯಂ ಒಳಗೆ ಆಡಿಸಿದರು. ಮೈದಾನ ಗೋಲಿನ ಜಾಗವೂ ಸೇರಿ ಸುಮಾರು 80 ಗಜ. ಇಷ್ಟು ಸಾಕು. ಸರ್ಕಸ್ ಆನೆಗಳ ಪ್ಯಾರಾ ಪೂರ್ತಿ ತೆಗೆಯಿರಿ.

ಅದರ ಜಾಗಕ್ಕೆ ಡಚ್ ಕ್ಲಾರ್ಕ್ ಬರಲಿ. ಆತ ಸ್ಪಾರ್ಟನ್ಸ್‌ನ ಅತಿ ದೊಡ್ಡ ಆಟಗಾರ. ನಿರ್ಣಾಯಕ ಪಂದ್ಯದ ದಿನ ತಂಡದ ಜೊತೆ ಇರಲೇ ಇಲ್ಲ. ಗಾಯ ಆಗಿರಲಿಲ್ಲ, ಜಗಳವೂ ಇಲ್ಲ. ಸೀಸನ್ ಮುಗಿಯಿತಲ್ಲ ಅಂತ ಕೊಲೊರಾಡೋ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಕೆಲಸಕ್ಕೆ ಹೋಗಿದ್ದರು. ಲೀಗಿನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಆಟಗಾರ ಚಾಂಪಿಯನ್ ಪಂದ್ಯ ಬಿಟ್ಟು ಕಾಲೇಜು ಕೆಲಸ ನೋಡಿಕೊಳ್ಳಬೇಕಾದ ಕಾಲ ಅದು. ಇದನ್ನು ನೀವು ಕಂಸದೊಳಗೆ ಹಾಕಿಬಿಟ್ಟಿದ್ದೀರಿ. ನನ್ನನ್ನು ಕೇಳಿದರೆ ಇಡೀ ಲೇಖನದ ಅತಿ ಒಳ್ಳೆಯ ವಿವರ ಅದೇ. ಆ ಕಾಲದ ವೃತ್ತಿಪರ ಆಟ ಎಷ್ಟು ಬಡವಾಗಿತ್ತು ಅನ್ನುವುದು ಅದರಲ್ಲೇ ಇದೆ.

ಪಂದ್ಯದ ನಡುವಿನ ಜಗಳವನ್ನೂ ಸ್ವಲ್ಪ ನಿಧಾನವಾಗಿ ಹೇಳಿ. ಆಗಿನ ನಿಯಮದ ಪ್ರಕಾರ ಚೆಂಡು ಮುಂದಕ್ಕೆ ಎಸೆಯುವವನು ಆ ಸಲದ ಆಟ ಶುರುವಾದ ಗೆರೆಯಿಂದ ಕನಿಷ್ಠ ಐದು ಗಜ ಹಿಂದೆ ಇರಬೇಕಿತ್ತು. ಬೇರ್ಸ್‌ನ ಬ್ರಾಂಕೊ ನಗರ್‌ಸ್ಕಿ ನುಗ್ಗುವ ಹಾಗೆ ಮಾಡಿ, ತಡೆದು ನಿಂತು, ರೆಡ್ ಗ್ರೇಂಜ್‌ಗೆ ಎಸೆದರು. ಐದು ಗಜ ಹಿಂದೆ ಇರಲೇ ಇಲ್ಲ ಅಂತ ಪಾಟ್ಸಿ ಕ್ಲಾರ್ಕ್ ಕೂಗಾಡಿದರು. ಯಾರೂ ಕೇಳಲಿಲ್ಲ. ಪಂದ್ಯ 9-0ಗೆ ಹೋಯಿತು. ಮುಂದಿನ ವರ್ಷ ಲೀಗ್ ಆ ಐದು ಗಜದ ನಿಯಮವನ್ನೇ ತೆಗೆದು ಹಾಕಿತು. ತಂಡಗಳನ್ನು ಎರಡು ಗುಂಪು ಮಾಡಿ ಪ್ರತಿ ವರ್ಷ ಫೈನಲ್ ಆಡಿಸುವುದೂ 1933ರಲ್ಲೇ ಶುರುವಾಯಿತು. ಪೋರ್ಟ್ಸ್‌ಮತ್‌ಗೆ ಸಿಕ್ಕಿದ್ದು ಏನು ಗೊತ್ತಾ? ಆ ಸೋಲನ್ನೂ ಪಟ್ಟಿಗೆ ಸೇರಿಸಿದ್ದರಿಂದ ಮೂರನೇ ಸ್ಥಾನ. ಆಟವೇ ಆಡದೆ ಗ್ರೀನ್ ಬೇ ಎರಡನೇ ಸ್ಥಾನಕ್ಕೆ ಬಂತು. ಈ ಕೊನೆಯ ಮಾತು ನಿಮ್ಮ ಲೇಖನದಲ್ಲಿ ಇಲ್ಲ, ದಯವಿಟ್ಟು ಸೇರಿಸಿ.

ಭಾಷೆಯ ಬಗ್ಗೆ ಎರಡು ಮಾತು. "ಕಾಲ್ಚೆಂಡು" ಅಂತ ಬರೆಯಬೇಡಿ. ನಮ್ಮ ಓದುಗರಿಗೆ ಅದು ಬೇರೆಯೇ ಆಟ. ಅಮೆರಿಕನ್ ಫುಟ್‌ಬಾಲ್ ಅಂತಲೇ ಇರಲಿ, ಎರಡನೇ ಸಲದಿಂದ ಬರೀ ಫುಟ್‌ಬಾಲ್ ಸಾಕು. ನಿಯಮಗಳ ಉದ್ದನೆಯ ಪ್ಯಾರಾ ಬೇಡ. ಅಂಕ ಬಂದಾಗಲೇ ಬಿಡಿಸಿ ಹೇಳಿ: ಟಚ್‌ಡೌನ್‌ಗೆ 6, ಆಮೇಲಿನ ಒದೆತಕ್ಕೆ 1, ಎದುರಾಳಿಯನ್ನು ಅವರದೇ ಗೋಲಿನ ಜಾಗದಲ್ಲಿ ಸಿಕ್ಕಿಸಿದರೆ 2. ಕೂಡಿದರೆ 9. ಅಲ್ಲಿಗೆ ಪಾಠವೂ ಆಯಿತು, ಕಥೆಯೂ ನಿಲ್ಲಲಿಲ್ಲ. ಇನ್ನು "ಸುವರ್ಣಾಕ್ಷರಗಳಲ್ಲಿ", "ಕಾಲಚಕ್ರ ಉರುಳಿತು", "ಕ್ರೀಡಾಲೋಕದ ಧ್ರುವತಾರೆ" ಇವೆಲ್ಲ ಹೋಗಲಿ. ಇಂಥವು ಎಲ್ಲಿ ಬಂದಿವೆಯೋ ಅಲ್ಲೆಲ್ಲ ನಿಮ್ಮ ಹತ್ತಿರ ವಿವರ ಕಡಿಮೆ ಇತ್ತು ಅನ್ನುವುದು ನನಗೆ ಕಾಣುತ್ತಿದೆ.

ಈಗ ನನಗೆ ನಿಜವಾಗಿ ಬೇಸರ ತಂದ ವಾಕ್ಯಕ್ಕೆ ಬರುತ್ತೇನೆ. "ಗ್ರೀನ್ ಬೇ ಜನ ತಮ್ಮ ತಂಡವನ್ನು ಪ್ರೀತಿಸಿದರು, ಅದಕ್ಕೇ ಉಳಿಸಿಕೊಂಡರು" ಅಂತ ಬರೆದಿದ್ದೀರಿ. ಹಾಗಾದರೆ ಪೋರ್ಟ್ಸ್‌ಮತ್ ಜನ ಪ್ರೀತಿಸಲಿಲ್ಲವಾ? ಇದು ಅನ್ಯಾಯ. 1930ರಲ್ಲಿ ಗ್ರೀನ್ ಬೇ ಜನಸಂಖ್ಯೆ ಸುಮಾರು 37,000. ಪೋರ್ಟ್ಸ್‌ಮತ್‌ಗಿಂತ ಚಿಕ್ಕ ಊರು. ಅದರ ತಂಡವೂ ಮುಳುಗುವ ಹಂತಕ್ಕೆ ಬಂದಿತ್ತು. 1931ರಲ್ಲಿ ಒಬ್ಬ ಪ್ರೇಕ್ಷಕ ಕಟ್ಟೆಯಿಂದ ಬಿದ್ದು ಕೋರ್ಟಿಗೆ ಹೋದ, ವಿಮೆ ಕಂಪನಿ ಕೈಕೊಟ್ಟಿತು, 1933ರಲ್ಲಿ ತಂಡವೇ ಕೋರ್ಟು ನೇಮಿಸಿದವರ ಕೈಗೆ ಹೋಯಿತು. ಆದರೆ ಅವರಿಗೆ ಕೆಲವು ಆಸರೆಗಳಿದ್ದವು. 1923ರಿಂದಲೇ ತಂಡ ಊರಿನ ಜನ ಷೇರು ಕೊಂಡ ಸಂಸ್ಥೆ. ಲಾಭ ಹಂಚುವಂತಿಲ್ಲ. 1935ರಲ್ಲಿ ಮತ್ತೆ ಷೇರು ಮಾರಿ ದುಡ್ಡು ಎತ್ತಿದರು. 1950ರಲ್ಲಿ ಇನ್ನೊಮ್ಮೆ, ಒಂದು ಷೇರಿಗೆ 25 ಡಾಲರ್. ಬೆನ್ನಿಗೆ ಮೂರು ಚಾಂಪಿಯನ್‌ಷಿಪ್ ಬೇರೆ. ಇನ್ನೊಂದು, 1933ರಿಂದ ಗ್ರೀನ್ ಬೇ ಕೆಲವು ಪಂದ್ಯಗಳನ್ನು ಮಿಲ್ವಾಕಿ ನಗರದಲ್ಲಿ ಆಡಲು ಶುರು ಮಾಡಿತು. ದೊಡ್ಡ ನಗರದ ಟಿಕೆಟ್ ದುಡ್ಡು ಸಣ್ಣ ಊರಿಗೆ ಬಂತು. ಈ ವ್ಯವಸ್ಥೆ 1994ರವರೆಗೆ ನಡೆಯಿತು.

ಪೋರ್ಟ್ಸ್‌ಮತ್‌ಗೆ ಹತ್ತಿರದ ದೊಡ್ಡ ನಗರಗಳಲ್ಲಿ ಒಂದು ಸಿನ್ಸಿನಾಟಿ. ಅದೇ 1933ರಲ್ಲಿ ಸಿನ್ಸಿನಾಟಿಗೆ ತನ್ನದೇ ಎನ್‌ಎಫ್‌ಎಲ್ ತಂಡ ಬಂತು! ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್ ಕೂಡ ಅದೇ ವರ್ಷ ಸೇರಿದವು. ಲೀಗ್ ದೊಡ್ಡ ನಗರಗಳ ಕಡೆ ನಡೆಯುತ್ತಿತ್ತು. ಇತ್ತ ಕಾರ್ಖಾನೆಗಳಲ್ಲಿ ಕೆಲಸ ಕಡಿಮೆಯಾದಾಗ ಟಿಕೆಟ್ ಕೊಳ್ಳುವ ಕೈಗಳೂ ಕಡಿಮೆಯಾದವು. ತಂಡ ಕೆಟ್ಟದಾಗಿ ಆಡಿ ಮುಳುಗಲಿಲ್ಲ. ಕೊನೆಯ ಸೀಸನ್‌ನಲ್ಲೂ 6 ಗೆದ್ದು 5 ಸೋತಿತ್ತು. ನದಿಯ ದಂಡೆಯಲ್ಲೇ ಇದ್ದ ಐರನ್ಟನ್ ಟ್ಯಾಂಕ್ಸ್ ತಂಡದ ಗತಿಯನ್ನೂ ಸೇರಿಸಿ. 1930ರಲ್ಲಿ ಅವರು ಶಿಕಾಗೋ ಬೇರ್ಸ್, ನ್ಯೂಯಾರ್ಕ್ ಜೈಂಟ್ಸ್ ಎರಡನ್ನೂ ಸೋಲಿಸಿದರು. ಆ ಸೀಸನ್ ಮುಗಿದ ಮೇಲೆ ಆ ತಂಡವೇ ಇಲ್ಲ. ಈ ಭಾಗಕ್ಕೆ ಎಷ್ಟು ಜಾಗ ಬೇಕಾದರೂ ತೆಗೆದುಕೊಳ್ಳಿ.

ಮಾರಾಟದ ಭಾಗದಲ್ಲಿ ಜಾರ್ಜ್ ರಿಚರ್ಡ್ಸ್ ಅವರನ್ನು ಖಳನಾಯಕನ ಹಾಗೆ ತೋರಿಸಿದ್ದೀರಿ. ಅದು ಬೇಡ. ಅವರು ಡೆಟ್ರಾಯ್ಟ್‌ನ ರೇಡಿಯೊ ಕೇಂದ್ರದ ಮಾಲೀಕ. ಸುಮಾರು 8,000 ಡಾಲರ್‌ಗೆ ತಂಡ ಅವರ ಕೈಗೆ ಬಂತು. ಅದೇ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಬೇರ್ಸ್ ವಿರುದ್ಧ ಪಂದ್ಯ ಇಟ್ಟು, ಅದನ್ನು ದೇಶಕ್ಕೆಲ್ಲ ರೇಡಿಯೊದಲ್ಲಿ ಕೇಳಿಸಿದರು. ಇಂದಿಗೂ ಆ ಹಬ್ಬದ ದಿನ ಲಯನ್ಸ್ ಆಡುತ್ತಾರೆ. ಮರುವರ್ಷ, 1935ರಲ್ಲಿ, ಲಯನ್ಸ್ ಚಾಂಪಿಯನ್ ಆದರು. ಕೋಚ್ ಅದೇ ಪಾಟ್ಸಿ ಕ್ಲಾರ್ಕ್. ಮೈದಾನದಲ್ಲಿ ಅದೇ ಡಚ್ ಕ್ಲಾರ್ಕ್, ಸ್ಪಾರ್ಟನ್ಸ್‌ನಲ್ಲೇ ಆಡಿದ್ದ ಗ್ಲೆನ್ ಪ್ರೆಸ್ನೆಲ್. ಆ ಸುದ್ದಿ ಓದಿದ ದಿನ ಪೋರ್ಟ್ಸ್‌ಮತ್‌ನವರಿಗೆ ಖುಷಿಯೂ ಆಗಿರಬೇಕು, ಹೊಟ್ಟೆಯೂ ಉರಿದಿರಬೇಕು, ಅಲ್ವಾ? ನೀವು ಈ ಗೆಲುವನ್ನು ಡೆಟ್ರಾಯ್ಟ್‌ನ ಸಂಭ್ರಮದಿಂದ ಬರೆದಿದ್ದೀರಿ. ಒಮ್ಮೆ ನದಿಯ ಕಡೆಯಿಂದ ಬರೆದು ನೋಡಿ.

ಪ್ರೆಸ್ನೆಲ್ ಅವರ ಪ್ಯಾರಾವನ್ನು ಮುಟ್ಟಬೇಡಿ. ಟ್ಯಾಂಕ್ಸ್‌ನಿಂದ ಸ್ಪಾರ್ಟನ್ಸ್‌ಗೆ, ಅಲ್ಲಿಂದ ಲಯನ್ಸ್‌ಗೆ, ಕೊನೆಗೆ 2004ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡವರೆಗೆ ನೀವು ಏಳೇ ವಾಕ್ಯದಲ್ಲಿ ಹೇಳಿದ್ದೀರಿ. ಒಂದೂ ಹೆಚ್ಚಿನ ಪದ ಇಲ್ಲ. ಇಡೀ ಲೇಖನ ಆ ಕೈಯಲ್ಲೇ ಬರಲಿ.

ಊರಿನ ಇಂದಿನ ಸ್ಥಿತಿಯನ್ನು ನೀವು ಮುಟ್ಟಿಯೇ ಇಲ್ಲ. ಜನಸಂಖ್ಯೆ ಈಗ ಸುಮಾರು 18,000. ಸ್ಟೇಡಿಯಂ ಇನ್ನೂ ಇದೆ, ಈಗಿನ ಹೆಸರು ಸ್ಪಾರ್ಟನ್ ಮುನಿಸಿಪಲ್ ಸ್ಟೇಡಿಯಂ. ನದಿಯ ಪ್ರವಾಹ ತಡೆಯಲು ಕಟ್ಟಿದ ಗೋಡೆಯ ಮೇಲೆ ಊರಿನ ಚರಿತ್ರೆಯ ಚಿತ್ರಗಳಿವೆ, ಅದರಲ್ಲಿ ಸ್ಪಾರ್ಟನ್ಸ್ ಕೂಡ ಇದ್ದಾರೆ. "ಲಯನ್ಸ್ ಯುಗ" ತೆಗೆದು ಆ ಜಾಗಕ್ಕೆ ಈ ಗೋಡೆ ತನ್ನಿ. ಎಂಟು ಪುಟ ಆರಕ್ಕೆ ಇಳಿಯಲಿ. ತಿದ್ದಿದ ಪ್ರತಿಯನ್ನು ನೇರ ನನಗೇ ಕಳಿಸಿ, ಸರದಿಯಲ್ಲಿ ಇಡದೆ ಬಂದ ವಾರವೇ ಓದುತ್ತೇನೆ.